ಗ್ಲೌಸ್ ಬಿಚ್ಚಿದರೆ ತಲೆ ಉಳಿಯುತ್ತಾ?

ಪರ

ಹಾಸನದ ನಮ್ಮ ಪುಟ್ಟ ಹಾಲ್‌ಗೆ ಬಾಕ್ಸಿಂಗ್ ಕಲಿಯೋಕೆ ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ: ಗ್ಲೌಸ್ ಇರುವುದು ನಿನ್ನ ಕೈ ಉಳಿಸೋಕೆ, ಎದುರಿನವನ ತಲೆ ಉಳಿಸೋಕಲ್ಲ. ಯಾರೂ ನಂಬಲ್ಲ. ಗ್ಲೌಸ್ ಬಿಚ್ಚಿ ಬರಿಗೈಯಲ್ಲಿ ಆಡಿದರೇ ತಲೆಗೆ ಪೆಟ್ಟು ಕಮ್ಮಿ ಅನ್ನೋದು ನನ್ನ ವಾದ.

ಹಣೆಯ ಮೂಳೆ ಬಲು ಗಟ್ಟಿ. ಬೆರಳಿನ ಗೆಣ್ಣು ಅದರ ಮುಂದೆ ಸೀಮೆಸುಣ್ಣ. ಬರಿಗೈಯಲ್ಲಿ ಒಮ್ಮೆ ಪೂರ್ತಿ ಬಲ ಹಾಕಿ ಗುದ್ದಿದವನು ಇನ್ನೊಮ್ಮೆ ಗುದ್ದುವ ಮುಂಚೆ ಯೋಚಿಸುತ್ತಾನೆ. ಕೈಗೆ ಪಟ್ಟಿ ಸುತ್ತಿ, 10 ಔನ್ಸಿನ, ಅಂದರೆ ಸುಮಾರು 280 ಗ್ರಾಂ ತೂಕದ ಗ್ಲೌಸ್ ಏರಿಸಿದರೆ ಆ ಭಯ ಹೋಯಿತು. ತಲೆಗೇ ಗುರಿ, ಮತ್ತೆ ಮತ್ತೆ. ಚರ್ಮ ಒಡೆಯಲ್ಲ ನಿಜ. ಆದರೆ ತಲೆ ಗಿರ್ರನೆ ತಿರುಗಿದಾಗ ಬುರುಡೆಯೊಳಗೆ ಮಿದುಳು ಅಲುಗುವುದನ್ನು ಯಾವ ಮೆತ್ತೆಯೂ ತಡೆಯಲ್ಲ. ಕುಡಿಯದೆಯೇ ತೊದಲುವ, ತೂರಾಡುವ ಬಾಕ್ಸರ್‌ಗಳನ್ನು ಕಂಡು ಅಮೆರಿಕದ ವೈದ್ಯ ಮಾರ್ಟ್‌ಲ್ಯಾಂಡ್ 'ಪಂಚ್ ಡ್ರಂಕ್', ಅಂದರೆ ಗುದ್ದು ತಿಂದೇ ಅಮಲೇರಿದವರು, ಎಂದು ಬರೆದದ್ದು 1928ರಲ್ಲಿ. ಬಾಕ್ಸಿಂಗ್‌ಗೆ ಗ್ಲೌಸ್ ತಂದ ಕ್ವೀನ್ಸ್‌ಬರಿ ನಿಯಮಗಳು ಬಂದಿದ್ದು 1867ರಲ್ಲಿ. ಅರವತ್ತು ವರ್ಷ ಗ್ಲೌಸ್ ಹಾಕಿಯೂ ಈ ಗತಿ!

ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಯ ಬೋಳಿಸಿದ ತಲೆಯಿಂದ ಒಂದು ಹನಿ ರಕ್ತ ಬಂದರೆ ಸಾಕು, ಕಾಳಗ ಮುಗೀತು. ರಕ್ತ ಕಣ್ಣಿಗೆ ಕಾಣುತ್ತೆ. ಗ್ಲೌಸಿನ ಪೆಟ್ಟು ಕಾಣಲ್ಲ.

ವಿರೋಧ

ಈಗ ನನ್ನ ವಾದಕ್ಕೆ ನಾನೇ ಗುದ್ದು ಕೊಡುತ್ತೇನೆ. ಅದರಲ್ಲಿ ಗಡಿಯಾರದ ಲೆಕ್ಕವೇ ಇಲ್ಲ. 2018ರಲ್ಲಿ ಅಮೆರಿಕದ ವಯೋಮಿಂಗ್‌ನಲ್ಲಿ ಸರ್ಕಾರದ ಒಪ್ಪಿಗೆ ಪಡೆದು ಶುರುವಾದ ಬರಿಗೈ ಪಂದ್ಯ 2 ನಿಮಿಷದ 5 ರೌಂಡು, ಒಟ್ಟು 10 ನಿಮಿಷ. ಬಾಕ್ಸಿಂಗ್‌ನ ದೊಡ್ಡ ಪಟ್ಟದ ಪಂದ್ಯ 3 ನಿಮಿಷದ 12 ರೌಂಡು, 36 ನಿಮಿಷ. ಬರಿಗೈಯವರ ತಲೆಗೆ ಪೆಟ್ಟು ಕಮ್ಮಿ ಬಿದ್ದರೆ ಅದು ಕೈಯ ಪುಣ್ಯವಾ, ಗಡಿಯಾರದ್ದಾ? 1982ರಲ್ಲಿ ಕೊರಿಯಾದ ಬಾಕ್ಸರ್ ಕಿಮ್ ದುಕ್-ಕೂ ರಿಂಗಿನ ಪೆಟ್ಟಿಗೆ ತೀರಿಕೊಂಡ ಮೇಲೆ 15 ರೌಂಡನ್ನು 12ಕ್ಕೆ ಇಳಿಸಿದರು, ಗ್ಲೌಸ್ ಬಿಚ್ಚಿಸಲಿಲ್ಲ. 2021ರಲ್ಲಿ ಜಸ್ಟಿನ್ ಥಾರ್ನ್‌ಟನ್ ಬರಿಗೈ ಪಂದ್ಯದಲ್ಲಿ ಅರ್ಧ ನಿಮಿಷದೊಳಗೆ ಬಿದ್ದರು. ಆರೇಳು ವಾರದಲ್ಲಿ ತೀರಿಕೊಂಡರು. ಇನ್ನು ವಜ್ರಮುಷ್ಟಿಯಲ್ಲಿ ರಕ್ತ ಕಂಡರೆ ಕಾಳಗ ನಿಲ್ಲುತ್ತೆ, ಬರಿಗೈ ಪಂದ್ಯದಲ್ಲಿ ರಕ್ತ ಕಂಡರೆ ಜನ ಸೀಟು ಬಿಟ್ಟು ಎದ್ದು ಕೂಗುತ್ತಾರೆ.

ಕೈಯ ವಿಷಯವಂತೂ ನಾನೇ ನೋಡಿದ್ದೇನೆ. ಹೋದ ಮಳೆಗಾಲದಲ್ಲಿ ನಾನು ಟೀಗೆ ಹೋದ ಹೊತ್ತಲ್ಲಿ ಇಬ್ಬರು ಹುಡುಗರು ಸುಮ್ನೆ ತಮಾಷೆಗೆ ಗ್ಲೌಸ್ ಬಿಚ್ಚಿಟ್ಟು ಆಡಿದ್ದಾರೆ. ಬಂದು ನೋಡಿದರೆ ಒಬ್ಬ ಬಲಗೈ ಹಿಡಿದು ಕೂತಿದ್ದ. ಮುಷ್ಟಿ ಕಟ್ಟು ಅಂದೆ. ನಾಲ್ಕು ಗೆಣ್ಣು ಎದ್ದು ಕಾಣಬೇಕಾದ ಕಡೆ ಮೂರೇ ಇದ್ದವು. ಕಿರುಬೆರಳಿನದು ಒಳಗೆ ಕೂತಿತ್ತು. ಎಕ್ಸ್‌ರೇ ನೋಡಿದರೆ ಆ ಬೆರಳಿನ ಬುಡದ ಮೂಳೆ ಮುರಿದಿತ್ತು. ಎದುರಿನವನ ಹಲ್ಲು ತಾಗಿ ಕೈ ಮೇಲೆ ಅಕ್ಕಿಕಾಳಿನಷ್ಟು ಗಾಯವೂ ಆಗಿತ್ತು. ಡಾಕ್ಟರ್ ಮೂಳೆಗಿಂತ ಅದಕ್ಕೇ ಜಾಸ್ತಿ ಹೆದರಿದರು. ಬಾಯಿಯ ಕ್ರಿಮಿ ಕೀಲಿಗೆ ಇಳಿದರೆ ಕೀವಾಗಿ ಬೆರಳೇ ಹೋಗಬಹುದಂತೆ.

ಹೊಲದಲ್ಲಿ ಆಲೂಗಡ್ಡೆ ಕೀಳುವ ಸಮಯ ಬೇರೆ. 'ನಿಮ್ಮ ಆಟ ಚೆನ್ನಾಗಿದೆ ಮೇಷ್ಟ್ರೇ' ಅಂದರು ಅವನಪ್ಪ, ಅಷ್ಟೇ.