ಹ್ಯಾರಿ ಪಾಟರ್‌ಗೆ ನಾನು ಹಾಕಿದ ತೇಪೆಗಳು

ಹ್ಯಾರಿ ಪಾಟರ್‌ನ ಏಳೂ ಪುಸ್ತಕಗಳನ್ನು ರಾತ್ರಿ ಹೊತ್ತು ಓದಿ ಹೇಳುತ್ತೇನೆ ಅಂತ ಮಗಳಿಗೆ ಮಾತು ಕೊಟ್ಟವನು ನಾನೇ. ಎರಡು ಪುಟಕ್ಕೆ ನಿದ್ದೆ ಹೋಗುತ್ತಾಳೆ ಅನ್ನೋದು ನನ್ನ ಲೆಕ್ಕ. ಅವಳು ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದು ಕೂತಳು.

ಮೊದಲೆರಡು ಸಲೀಸಾಗಿ ದಾಟಿದವು. ಮೂರನೆಯದರಲ್ಲಿ ಕಾಲವನ್ನು ಹಿಂದಕ್ಕೆ ತಿರುಗಿಸುವ ಟೈಮ್-ಟರ್ನರ್ ಬಂತು. ನನ್ನನ್ನು ಕೇಳಿದರೆ ಏಳರಲ್ಲಿ ಅತಿ ಬಿಗಿಯಾದ ಕತೆ ಇದೇ. ಆದರೆ ಉಳಿದ ಆರಕ್ಕೂ ತೂತು ಕೊರೆದದ್ದೂ ಇದೇ.

"ಹಾಗಾದ್ರೆ ಹಿಂದಕ್ಕೆ ಹೋಗಿ ಹ್ಯಾರಿಯ ಅಪ್ಪ ಅಮ್ಮನ್ನ ಉಳಿಸಬಹುದಿತ್ತಲ್ವಾ ಅಪ್ಪಾ?"

ಐದನೆಯ ಪುಸ್ತಕದಲ್ಲಿ ಈ ಟೈಮ್-ಟರ್ನರ್‌ಗಳನ್ನು ಇಟ್ಟಿದ್ದ ಬೀರುವನ್ನೇ ಲೇಖಕಿ ಬೀಳಿಸಿಬಿಡುತ್ತಾರೆ. ಪೀಡೆ ತೊಲಗಿತು ಅನ್ನುವ ಹಾಗೆ! ಆದರೆ ಅಲ್ಲಿಗೆ ತಲುಪಲು ಇನ್ನೂ ಸಾವಿರಕ್ಕೂ ಜಾಸ್ತಿ ಪುಟ ಇತ್ತು. "ಅಷ್ಟು ಹಿಂದೆ ಹೋಗೋಕೆ ಬ್ಯಾಟರಿ ಸಾಲಲ್ಲ ಪುಟ್ಟಿ" ಅಂದೆ.

ಮುಂದಿನ ತಿಂಗಳು ನಾಲ್ಕನೆಯ ಪುಸ್ತಕದಲ್ಲಿ ಹ್ಯಾರಿಯ ಗೆಳತಿ ಹರ್ಮಯೋನಿ ಬಾಯಿಬಿಟ್ಟಳು. ಅವರು ಓದುವ ಮಂತ್ರವಿದ್ಯೆಯ ಶಾಲೆಯ ಹತ್ತಿರ ಕರೆಂಟಿನ ಸಾಮಾನು ಯಾವುದೂ ನೆಟ್ಟಗೆ ನಡೆಯುವುದಿಲ್ಲವಂತೆ. ಅದನ್ನು ನನ್ನ ಬಾಯಿಂದಲೇ ಓದಬೇಕಾಯಿತು. ಪೆನ್ಸಿಲ್ ಸದ್ದು ಕೇಳಿಸಿತು.

ನಾಲ್ಕನೆಯದರ ಕತೆಯೇ ಬೇರೆ. ಪೋರ್ಟ್‌ಕೀ ಅಂತ ಒಂದಿದೆ. ಮುಟ್ಟಿದವರನ್ನು ಇನ್ನೆಲ್ಲಿಗೋ ಎಳೆದೊಯ್ಯುತ್ತದೆ. ಹರಕು ಬೂಟೂ ಪೋರ್ಟ್‌ಕೀ ಆಗಬಹುದು. ಅಂಥದ್ದರಲ್ಲಿ ಹ್ಯಾರಿಯನ್ನು ಖಳನ ಬಳಿಗೆ ಎಳೆದೊಯ್ಯಲು ಖಳನ ಕಡೆಯವನು ವರ್ಷವಿಡೀ ವೇಷ ಹಾಕಿ, ಅವನನ್ನು ಮೂರು ಸುತ್ತಿನ ಸ್ಪರ್ಧೆಯಲ್ಲಿ ಗೆಲ್ಲಿಸಿ, ಕೊನೆಗೆ ಬಹುಮಾನದ ಕಪ್ಪನ್ನು ಪೋರ್ಟ್‌ಕೀ ಮಾಡುತ್ತಾನೆ.

"ಮೊದಲ್ನೇ ವಾರಾನೇ ಒಂದು ಚಮಚ ಕೊಟ್ಟಿದ್ರೆ ಆಗ್ತಿರ್ಲಿಲ್ವಾ?"

ಆಗುತ್ತಿತ್ತು. ಪುಸ್ತಕವೂ ಅಲ್ಲಿಗೇ ಮುಗಿಯುತ್ತಿತ್ತು. ಇದಕ್ಕೆ ತೇಪೆ ಹಾಕುವಷ್ಟು ಬಟ್ಟೆ ನನ್ನ ಹತ್ತಿರ ಇರಲಿಲ್ಲ. ಸುಮ್ನೆ ಕೆಮ್ಮಿದೆ.

ನಿಜವಾಗಿ ಮಾನ ಹೋದದ್ದು ಕೊನೆಯಲ್ಲಿ. ಖಳನ ಮಂತ್ರದಂಡದಿಂದ ಅವನು ಕೊಂದವರ ನೆರಳುಗಳು ತಿರುಗುಮುರುಗಾಗಿ ಹೊರಬರುತ್ತವೆ. ಕೊನೆಗೆ ಸತ್ತವರು ಮೊದಲು. ಹ್ಯಾರಿಯ ಅಪ್ಪ ಸತ್ತ ಮೇಲೆ ಅಮ್ಮ ಸತ್ತದ್ದು, ಹಾಗಾಗಿ ಅಮ್ಮನೇ ಮೊದಲು ಬರಬೇಕು. 2000ದಲ್ಲಿ ಬಂದ ಮೊದಮೊದಲ ಪ್ರತಿಗಳಲ್ಲಿ ಅಪ್ಪ ಮೊದಲು ಬಂದುಬಿಟ್ಟ. ಆಮೇಲಿನ ಮುದ್ರಣಗಳಲ್ಲಿ ತಿದ್ದಿದರು. ನನ್ನದು ಹಳೇ ಪ್ರತಿ. ಅವಳ ಗೆಳತಿಯದು ಹೊಸದು.

"ಅಪ್ಪಾ, ನಿದ್ದೆಗಣ್ಣಲ್ಲಿ ಉಲ್ಟಾ ಓದಿದ್ದೀಯ!"

ಪುಟ ತೆಗೆದು ತೋರಿಸಿದೆ. ಪುಸ್ತಕವನ್ನೂ ನನ್ನನ್ನೂ ಒಮ್ಮೆ ನೋಡಿದಳು. "ಪುಸ್ತಕಕ್ಕೂ ನಿನ್ನ ಬುದ್ಧಿ ಬಂದಿದೆ" ಅಂದಳು. ಬ್ಯಾಟರಿ ವಿಷಯ ಇನ್ನೂ ಮರೆತಿರಲಿಲ್ಲ.

ಐದನೆಯದನ್ನು ಅವಳೇ ಓದುತ್ತೇನೆ ಅಂದಳು, ನಾನು ಕೇಳಬೇಕಂತೆ. ಬೀರು ಬೀಳುವುದನ್ನೇ ಕಾಯುತ್ತಿದ್ದೆ. ಆ ಪುಟ ಬಂದಾಗ ನಾನು ಗೊರಕೆ ಹೊಡೆಯುತ್ತಿದ್ದೆನಂತೆ. ನೋಟ್‌ಬುಕ್ಕಿನಲ್ಲಿ ಅದೂ ಇದೆ.