ಎಷ್ಟು ಗೋಲು ಹೊಡೆದೆ ಎಂದು ಕೇಳುವವರಿಗೆ

ಭಾನುವಾರ ಮಧ್ಯಾಹ್ನ ತಿಪಟೂರಿನಿಂದ ನನ್ನ ತಾಯಿಯವರು ವಿಡಿಯೊ ಕರೆ ಮಾಡಿದಾಗ ಮೊಮ್ಮಗಳನ್ನು ಕೇಳುವ ಮೊದಲ ಪ್ರಶ್ನೆ ಎರಡು ವರ್ಷದಿಂದ ಬದಲಾಗಿಲ್ಲ: "ಪುಟ್ಟಿ, ನೆನ್ನೆ ಎಷ್ಟು ಗೋಲು ಹೊಡೆದೆ?" ಪಶ್ಚಿಮ ಸಿಡ್ನಿಯ ಒಂದು ಸಣ್ಣ ಕ್ಲಬ್ಬಿನ ಹನ್ನೊಂದು ವರ್ಷದೊಳಗಿನ ಹುಡುಗಿಯರ ಫುಟ್‌ಬಾಲ್ ತಂಡದಲ್ಲಿ ನನ್ನ ಮಗಳು ರೈಟ್ ಬ್ಯಾಕ್, ಅಂದರೆ ಬಲಬದಿಯಲ್ಲಿ ಗೋಲು ಕಾಯುವ ಡಿಫೆಂಡರ್. ಈ ಎರಡು ವರ್ಷಗಳಲ್ಲಿ ಅವಳು ಹೊಡೆದಿರುವುದು ಒಂದೇ ಗೋಲು, ಅದೂ ಎದುರಾಳಿಯೊಬ್ಬಳ ಕಾಲಿಗೆ ತಾಗಿ ದಿಕ್ಕು ತಪ್ಪಿ ಒಳಗೆ ಹೋದದ್ದು. "ನನ್ನ ಕೆಲಸ ಹೊಡೆಯೋದಲ್ಲ ಅಜ್ಜಿ, ಹೊಡೆಯೋಕೆ ಬಿಡದೇ ಇರೋದು" ಎಂದು ಅವಳು ಪ್ರತಿ ವಾರವೂ ವಿವರಿಸುತ್ತಾಳೆ. "ಆಗಲಿ ಕಂದ, ಮುಂದಿನ ವಾರ ಹೊಡಿ" ಎಂದು ಅಜ್ಜಿ ಪ್ರತಿ ವಾರವೂ ಸಮಾಧಾನ ಹೇಳುತ್ತಾರೆ.

ಮಗಳ ಕೋಣೆಯ ಗೋಡೆಯ ಮೇಲಿರುವ ಚಿತ್ರ ಆಸ್ಟ್ರೇಲಿಯ ಮಹಿಳಾ ತಂಡದ ಗೋಲುಗಾರ್ತಿ ಸ್ಯಾಮ್ ಕೆರ್ ಅವರದಲ್ಲ, ಅದೇ ತಂಡದ ರೈಟ್ ಬ್ಯಾಕ್ ಎಲಿ ಕಾರ್ಪೆಂಟರ್ ಅವರದು. ಗೋಲು ಹೊಡೆದು ಪಲ್ಟಿ ಹಾಕುವ ಕೆರ್ ಅವರನ್ನು ಇಲ್ಲಿಯ ಮಕ್ಕಳೆಲ್ಲ ಮೆಚ್ಚುತ್ತಾರೆ. ಬಲಬದಿಯ ಗೆರೆಯುದ್ದಕ್ಕೂ ತೊಂಬತ್ತು ನಿಮಿಷ ಹಿಂದೆ ಮುಂದೆ ಓಡುವ ಕಾರ್ಪೆಂಟರ್ ಅವರನ್ನು ಆರಿಸಿಕೊಳ್ಳಬೇಕಾದರೆ ಸ್ವಲ್ಪ ಬೇರೆಯ ಬುದ್ಧಿ ಬೇಕು. ಮಗಳ ನೆಪದಲ್ಲಿ ನಾನೂ ಈ ಆಟಗಾರ್ತಿಯ ವೃತ್ತಿಜೀವನವನ್ನು ಗಮನಿಸುತ್ತಾ ಬಂದೆ. ಗಮನಿಸಿದಷ್ಟೂ ನಾನು ಬೆಳೆದ ರೀತಿಗೂ ಇಲ್ಲಿಯ ರೀತಿಗೂ ನಡುವಿನ ಅಂತರ ನಾನು ಎಣಿಸಿದ್ದಲ್ಲಿ ಇಲ್ಲ, ಬೇರೆಲ್ಲೋ ಇದೆ ಎನಿಸತೊಡಗಿತು.

ಕಾರ್ಪೆಂಟರ್ ಹುಟ್ಟಿದ್ದು 2000ದ ಏಪ್ರಿಲ್‌ನಲ್ಲಿ, ನ್ಯೂ ಸೌತ್ ವೇಲ್ಸ್ ರಾಜ್ಯದ ಕೌರಾದಲ್ಲಿ. ಸಿಡ್ನಿಯಿಂದ ನೀಲಿ ಬೆಟ್ಟಗಳನ್ನು ದಾಟಿ ಸುಮಾರು ಮುನ್ನೂರು ಕಿಲೋಮೀಟರ್ ಒಳನಾಡಿಗೆ ಹೋದರೆ ಲಾಕ್ಲನ್ ನದಿಯ ದಂಡೆಯ ಮೇಲೆ ಸಿಗುವ ಕೃಷಿಕರ ಊರು ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944ರ ಆಗಸ್ಟ್‌ನಲ್ಲಿ, ಜಪಾನಿ ಯುದ್ಧಕೈದಿಗಳು ಶಿಬಿರ ಮುರಿದು ಹೊರಬಿದ್ದ ಘಟನೆಯಿಂದ ಇತಿಹಾಸದಲ್ಲಿ ಹೆಸರಾಗಿರುವ ಈ ಊರು ಫುಟ್‌ಬಾಲ್‌ಗೆ ಹೆಸರಾದದ್ದಲ್ಲ. ಹುಡುಗಿಗೆ ಹನ್ನೆರಡರ ಆಸುಪಾಸಿನಲ್ಲಿ ಕುಟುಂಬ ಅವಳ ಆಟಕ್ಕಾಗಿ ಸಿಡ್ನಿಗೆ ಬಂತು. ಅವಳು ವೆಸ್ಟ್‌ಫೀಲ್ಡ್ಸ್ ಕ್ರೀಡಾ ಪ್ರೌಢಶಾಲೆಗೆ ಸೇರಿದಳು. ಆಸ್ಟ್ರೇಲಿಯದ ಹೆಸರಾಂತ ಫುಟ್‌ಬಾಲ್ ಆಟಗಾರ ಹ್ಯಾರಿ ಕ್ಯೂವೆಲ್ ಓದಿದ್ದೂ ಇದೇ ಶಾಲೆಯಲ್ಲಿ. ಹದಿನೈದನೆಯ ವಯಸ್ಸಿಗೆ ವೆಸ್ಟರ್ನ್ ಸಿಡ್ನಿ ವಾಂಡರರ್ಸ್ ತಂಡ, 2016ರ ಮಾರ್ಚ್‌ನಲ್ಲಿ ಒಸಾಕಾದಲ್ಲಿ ವಿಯೆಟ್ನಾಂ ವಿರುದ್ಧ ರಾಷ್ಟ್ರೀಯ ತಂಡಕ್ಕೆ ಪ್ರವೇಶ, ಅದೇ ವರ್ಷ ಹದಿನಾರಕ್ಕೆ ರಿಯೊ ಒಲಿಂಪಿಕ್ಸ್.

ಊರು ಬಿಟ್ಟು ಮಗಳ ಜೊತೆ ಹೊರಡುವ ಈ ಭಾಗವನ್ನು ಇಲ್ಲಿಯ ಕನ್ನಡ ಗೆಳೆಯರಿಗೆ ಹೇಳಿದಾಗಲೆಲ್ಲ "ನಮ್ಮವರು ಹೀಗೆ ಮಾಡುತ್ತಾರೆಯೇ?" ಎಂಬ ಉದ್ಗಾರ ಬರುತ್ತದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಮಗನ ಪಿಯುಸಿಗೆಂದು ಮೂಡುಬಿದಿರೆಯಲ್ಲಿ ಬಾಡಿಗೆ ಮನೆ ಹಿಡಿದು ಎರಡು ವರ್ಷ ಅಡುಗೆ ಮಾಡಿ ಹಾಕಿದ ತಾಯಂದಿರನ್ನು, ಮಗಳ ನೀಟ್ ತರಬೇತಿಗೆಂದು ತೋಟವನ್ನು ಗುತ್ತಿಗೆಗೆ ಕೊಟ್ಟು ಬೆಂಗಳೂರು ಸೇರಿದ ತಂದೆಯರನ್ನು ನನ್ನ ಬಳಗದಲ್ಲೇ ಐದಾರು ಮಂದಿ ಎಣಿಸಬಲ್ಲೆ. ಮಕ್ಕಳಿಗಾಗಿ ಊರು ಬಿಡುವುದರಲ್ಲಿ ನಾವು ಯಾರಿಗೂ ಕಡಿಮೆಯಲ್ಲ. ಆದರೆ ಏತಕ್ಕಾಗಿ ಬಿಡಬಹುದು ಎಂಬ ಪಟ್ಟಿ ನಮ್ಮಲ್ಲಿ ತೀರ ಚಿಕ್ಕದು, ಆ ಪಟ್ಟಿಯಲ್ಲಿ ಹೆಣ್ಣುಮಗಳ ಚೆಂಡಾಟ ಇನ್ನೂ ಸೇರಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ವೆಸ್ಟ್‌ಫೀಲ್ಡ್ಸ್ ಸರ್ಕಾರಿ ಶಾಲೆ; ಅಲ್ಲಿ ಆಟವೂ ವೇಳಾಪಟ್ಟಿಯ ಒಂದು ಭಾಗ, ಪಾಠವೂ ನಡೆಯುತ್ತದೆ, ಎರಡರಲ್ಲೊಂದನ್ನು ಹದಿಮೂರಕ್ಕೇ ಕೈಬಿಡಬೇಕಾದ ಸ್ಥಿತಿ ಬರುವುದಿಲ್ಲ. ಕೊಡಗಿನ ಕೂಡಿಗೆಯಲ್ಲಿ ನಮ್ಮ ಸರ್ಕಾರವೂ ಕ್ರೀಡಾ ಶಾಲೆ ನಡೆಸುತ್ತಿದೆ, ಅಲ್ಲಿ ಕಲಿತವರು ಹಾಕಿಯಲ್ಲಿ ಹೆಸರು ಮಾಡಿದ್ದಾರೆ. ಆದರೆ ತುಮಕೂರು ಜಿಲ್ಲೆಯಲ್ಲಿ ಬೆಳೆದ ನನ್ನ ಮನೆಯಲ್ಲಿ ಅಂಥದೊಂದು ಶಾಲೆ ಇದೆ ಎಂಬ ಸುದ್ದಿಯೇ ಯಾವತ್ತೂ ಬಂದಿರಲಿಲ್ಲ.

ದುಡ್ಡಿನ ವಿಚಾರಕ್ಕೆ ಬಂದರೆ ಆಸ್ಟ್ರೇಲಿಯವನ್ನು ಬಹಳ ಹೊಗಳುವಂತಿಲ್ಲ. ಕಾರ್ಪೆಂಟರ್ ರಾಷ್ಟ್ರೀಯ ತಂಡಕ್ಕೆ ಬರುವುದಕ್ಕೆ ಆರು ತಿಂಗಳ ಹಿಂದೆ, 2015ರ ಸೆಪ್ಟೆಂಬರ್‌ನಲ್ಲಿ, ಮಟಿಲ್ಡಾಸ್ ಎಂದು ಕರೆಸಿಕೊಳ್ಳುವ ಈ ತಂಡ ಮುಷ್ಕರ ಹೂಡಿ ಅಮೆರಿಕ ಪ್ರವಾಸವನ್ನೇ ರದ್ದುಗೊಳಿಸಿತ್ತು. ವಿಶ್ವಕಪ್ಪಿನ ಎಂಟರ ಘಟ್ಟ ತಲುಪಿ ಬಂದಿದ್ದ ಆಟಗಾರ್ತಿಯರ ಮೂಲ ಒಪ್ಪಂದ ಆಗ ವರ್ಷಕ್ಕೆ ಸುಮಾರು 21,000 ಡಾಲರ್, ಸಿಡ್ನಿಯಲ್ಲಿ ಅದು ಮನೆ ಬಾಡಿಗೆಗೂ ಸಾಲದು. ವಾಣಿಜ್ಯ ಆದಾಯದಲ್ಲಿ ಪುರುಷರ ತಂಡಕ್ಕೂ ಮಹಿಳೆಯರ ತಂಡಕ್ಕೂ ಸಮಪಾಲು ಎಂಬ ಒಪ್ಪಂದಕ್ಕೆ ಸಹಿ ಬಿದ್ದದ್ದು 2019ರ ನವೆಂಬರ್‌ನಲ್ಲಿ. ಹಿರಿಯರು ಬೀದಿಗಿಳಿಯದೆಯೇ, ಪಂದ್ಯ ಆಡಲು ನಿರಾಕರಿಸಿ, ಗಳಿಸಿಕೊಟ್ಟದ್ದು ಕಿರಿಯಳಿಗೆ ದಕ್ಕಿತು. ಈ ಹುಡುಗಿ ಪೋರ್ಟ್‌ಲ್ಯಾಂಡ್ ಥಾರ್ನ್ಸ್ ಎಂಬ ಅಮೆರಿಕದ ಕ್ಲಬ್ ಸೇರಿದ್ದು 2018ರಲ್ಲಿ, ಹದಿನೆಂಟು ತುಂಬಿದ ಕೂಡಲೇ, ಫ್ರಾನ್ಸಿನ ಲಿಯೋನ್‌ಗೆ ಹೋದದ್ದು 2020ರಲ್ಲಿ, 2025ರಲ್ಲಿ ಇಂಗ್ಲೆಂಡಿನ ಚೆಲ್ಸಿಗೆ. ಮಕ್ಕಳ ಮಟ್ಟದಲ್ಲಿ ಮಾತ್ರ ಇಂದಿಗೂ ಇಲ್ಲಿ ಹಣವಿದ್ದವರದೇ ಮೇಲುಗೈ. ರೆಪ್, ಅಂದರೆ ಆಯ್ದ ಮಕ್ಕಳ ಪ್ರಾತಿನಿಧಿಕ ತಂಡಕ್ಕೆ ಆಯ್ಕೆಯಾದ ಮಗುವಿನ ತಂದೆ ವರ್ಷಕ್ಕೆ ಎರಡು ಸಾವಿರ ಡಾಲರ್ ದಾಟಿದ ಶುಲ್ಕ ಕಟ್ಟಬೇಕಾಗುತ್ತದೆ. ಮಕ್ಕಳ ಕ್ರೀಡೆಗೆಂದು ರಾಜ್ಯ ಸರ್ಕಾರ 2018ರಲ್ಲಿ ಎಲ್ಲ ಶಾಲಾ ಮಕ್ಕಳಿಗೂ ಕೊಡಲು ಆರಂಭಿಸಿದ 100 ಡಾಲರ್ ವೋಚರ್ ಈಗ ಆದಾಯ ನೋಡಿ ಕೊಡುವ, ಐವತ್ತೈವತ್ತರ ಎರಡು ಕಂತಾಗಿ ಇಳಿದಿದೆ.

ನನ್ನನ್ನು ಹಿಡಿದಿಟ್ಟಿರುವ ಅಂತರ ಇವೆಲ್ಲಕ್ಕಿಂತ ಆಚೆಗಿನದು. ಡಿಫೆಂಡರ್ ಮಾಡಿದ ಸರಿಯಾದ ಕೆಲಸ ಕಾಣಿಸುವುದಿಲ್ಲ, ಅವಳ ತಪ್ಪು ಮಾತ್ರ ಇಡೀ ಊರಿಗೆ ಕಾಣುತ್ತದೆ. ಮುಂದೆ ಆಡುವವಳು ಹತ್ತು ಅವಕಾಶ ಕೈಚೆಲ್ಲಿ ಹನ್ನೊಂದನೆಯದನ್ನು ಬಲೆಗೆ ಹಾಕಿದರೆ ದೇವತೆ. ಹಿಂದೆ ಆಡುವವಳು ಹತ್ತು ದಾಳಿ ತಡೆದು ಹನ್ನೊಂದನೆಯದನ್ನು ಬಿಟ್ಟರೆ ಅವಳಿಂದಲೇ ಸೋತೆವು. ಕಾರ್ಪೆಂಟರ್ ಅವರ ವೃತ್ತಿಜೀವನದಲ್ಲಿ ಇಂಥ ಗಳಿಗೆಗಳು ಮರೆಮಾಚಲಾರದಷ್ಟು ದೊಡ್ಡ ವೇದಿಕೆಗಳ ಮೇಲೆಯೇ ಬಂದಿವೆ. 2021ರ ಟೋಕಿಯೊ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಸ್ವೀಡನ್ನಿನ ಎದುರು ಒಂದು ಗೋಲಿನಿಂದ ಹಿಂದಿದ್ದಾಗ, ಆಟ ಮುಗಿಯುವ ಕೊನೆಯ ಕ್ಷಣಗಳಲ್ಲಿ, ಗೋಲಿನತ್ತ ನುಗ್ಗುತ್ತಿದ್ದ ಎದುರಾಳಿಯನ್ನು ಬೀಳಿಸಿ ಕೆಂಪು ಕಾರ್ಡ್ ಪಡೆದರು. ಅದರಿಂದಾಗಿ ಅಮೆರಿಕದ ವಿರುದ್ಧ ಕಂಚಿನ ಪದಕದ ಪಂದ್ಯಕ್ಕೆ ಅವರಿಲ್ಲ, ತಂಡ 3-4ರಿಂದ ಸೋತಿತು. ಮರುವರ್ಷ ಮೇ 21ರಂದು ಟ್ಯೂರಿನ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಬಾರ್ಸಿಲೋನಾ ವಿರುದ್ಧ ಲಿಯೋನ್ ಗೆದ್ದಿತು, ಆದರೆ ಮೊದಲ ಕಾಲು ಗಂಟೆಯೊಳಗೇ ಅವರ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದು ಮೈದಾನ ಬಿಡಬೇಕಾಯಿತು.

ಮೂರನೆಯದನ್ನು ನಾವು ಕಣ್ಣಾರೆ ಕಂಡೆವು. 2023ರ ಆಗಸ್ಟ್ 16, ವಿಶ್ವಕಪ್ ಸೆಮಿಫೈನಲ್, ಸಿಡ್ನಿಯ ಒಲಿಂಪಿಕ್ ಮೈದಾನದಲ್ಲಿ 75,784 ಮಂದಿ. ದೇಶದ ಉಳಿದೆಡೆ ಒಂದು ಕೋಟಿಗೂ ಹೆಚ್ಚು ಜನ ಟಿವಿಯ ಮುಂದೆ. ನಾವು ಕ್ಲಬ್ಬಿನ ದೊಡ್ಡ ಪರದೆಯ ಮುಂದೆ ಕೂತಿದ್ದೆವು. ಇಂಗ್ಲೆಂಡ್ ಒಂದು ಗೋಲು ಮುಂದಿತ್ತು, 63ನೆಯ ನಿಮಿಷದಲ್ಲಿ ಕೆರ್ ದೂರದಿಂದ ಬಾರಿಸಿ ಸಮ ಮಾಡಿದರು, ಇಡೀ ಕೋಣೆ ಎದ್ದು ಕುಣಿಯಿತು. ಎಂಟೇ ನಿಮಿಷ. ಇಂಗ್ಲೆಂಡಿನ ಅರ್ಧದಿಂದ ಬಂದ ಒಂದು ಉದ್ದನೆಯ ಚೆಂಡು, ಕಾರ್ಪೆಂಟರ್ ಸುಲಭವಾಗಿ ಹೊರಗೆ ಒದೆಯಬಹುದಾಗಿದ್ದದ್ದು, ಒಂದು ಕ್ಷಣದ ಅನುಮಾನದಲ್ಲಿ ಲಾರೆನ್ ಹೆಂಪ್ ಅವರ ಪಾಲಾಯಿತು, ಬಲೆ ಸೇರಿತು. ಪಂದ್ಯ 1-3ಕ್ಕೆ ಮುಗಿಯಿತು. ಅದಕ್ಕೆ ನಾಲ್ಕು ದಿನ ಮೊದಲು ಬ್ರಿಸ್ಬೇನ್‌ನಲ್ಲಿ ಫ್ರಾನ್ಸ್ ವಿರುದ್ಧದ ಆ ಮುಗಿಯದ ಪೆನಾಲ್ಟಿಗಳ ಸಾಲಿನಲ್ಲಿ ಇದೇ ಕಾರ್ಪೆಂಟರ್ ತಮ್ಮ ಸರದಿಯಲ್ಲಿ ಚೆಂಡನ್ನು ತಪ್ಪದೆ ಒಳಗೆ ಕಳಿಸಿದ್ದರು ಎಂಬುದು ಆ ರಾತ್ರಿ ಯಾರಿಗೂ ನೆನಪಿರಲಿಲ್ಲ, ನನಗೂ.

ಮನೆಗೆ ಹಿಂತಿರುಗುವಾಗ ಕಾರಿನಲ್ಲಿ ನಾನು ಆಡಿದ ಮೊದಲ ಮಾತು "ಅವಳನ್ನು ಮುಂದಿನ ಪಂದ್ಯಕ್ಕೆ ಕೂರಿಸಬೇಕು" ಎಂಬುದಾಗಿತ್ತು. ಮಗಳು ಹಿಂದಿನ ಸೀಟಿನಿಂದ "ಯಾಕೆ?" ಎಂದು ಕೇಳಿದಳು. ನಿಜವಾಗಿಯೂ ಅರ್ಥವಾಗದೆ ಕೇಳಿದ ಪ್ರಶ್ನೆ ಅದು, ನನ್ನ ಬಳಿ ಉತ್ತರವಿರಲಿಲ್ಲ. ಮೂರು ದಿನ ಕಳೆದು ಸ್ವೀಡನ್ ವಿರುದ್ಧ ಮೂರನೆಯ ಸ್ಥಾನದ ಪಂದ್ಯ ಶುರುವಾದಾಗ ತರಬೇತುದಾರ ಟೋನಿ ಗುಸ್ತಾವ್‌ಸನ್ ಅವರ ಹನ್ನೊಂದರ ಪಟ್ಟಿಯಲ್ಲಿ ರೈಟ್ ಬ್ಯಾಕ್ ಜಾಗ ಹಾಗೆಯೇ ಇತ್ತು: ಎಲಿ ಕಾರ್ಪೆಂಟರ್.

ನಾನು ಕಲಿತ ಶಾಲೆಯಲ್ಲಿ ತಪ್ಪಿಗೆ ಜಾಗ ಬದಲಾಗುತ್ತಿತ್ತು. ಲೆಕ್ಕದಲ್ಲಿ ಅಂಕ ಕಡಿಮೆ ಬಂದವನು ಮುಂದಿನ ಬೆಂಚಿನಿಂದ ಹಿಂದಕ್ಕೆ ಹೋಗುತ್ತಿದ್ದ. ತಾಲ್ಲೂಕು ಮಟ್ಟದ ಕಬಡ್ಡಿಯಲ್ಲಿ ಒಂದು ಹಿಡಿತ ತಪ್ಪಿದ ನನ್ನ ಗೆಳೆಯನನ್ನು ಪಿಟಿ ಮೇಷ್ಟ್ರು ಮತ್ತೆ ಕಣಕ್ಕೆ ಇಳಿಸಲಿಲ್ಲ, ಅವನು ಅದನ್ನು ಇವತ್ತಿಗೂ ನಗುನಗುತ್ತಾ ಹೇಳುತ್ತಾನೆ, ಆದರೆ ಹೇಳುವುದನ್ನು ಬಿಟ್ಟಿಲ್ಲ. ಕನ್ನಡಿಗರಿಗೆ ತಡೆದು ನಿಲ್ಲುವುದರ ಬೆಲೆ ಗೊತ್ತಿಲ್ಲ ಎಂದು ಹೇಳಲು ಬಾರದು. ರಾಹುಲ್ ದ್ರಾವಿಡ್ ಅವರನ್ನು ತಲೆಯ ಮೇಲೆ ಹೊತ್ತವರು ನಾವು. ಆದರೂ ಔಟಾದ ಮರುದಿನ ಹೋಟೆಲ್ಲಿನ ಟೇಬಲ್ಲುಗಳಲ್ಲಿ ಅವರ ಬಗ್ಗೆ ಏನೇನು ಮಾತು ನಡೆಯುತ್ತಿತ್ತು ಎಂಬುದನ್ನು ಕೇಳಿ ಬೆಳೆದವನು ನಾನು. ಅದರಲ್ಲೂ ನಮ್ಮ ಮನೆಗಳ ಹೆಣ್ಣುಮಕ್ಕಳ ಪಾಡು ಬಹುಮಟ್ಟಿಗೆ ಡಿಫೆಂಡರ್ ಪಾಡೇ: ಮೂವತ್ತು ವರ್ಷ ಸರಿಯಾಗಿದ್ದ ಸಾರಿನ ಸುದ್ದಿ ಬರುವುದು ಉಪ್ಪು ಹೆಚ್ಚಾದ ದಿನ.

ಇಲ್ಲಿಯ ರೀತಿಯಲ್ಲಿ ನನಗೆ ಸರಿಬಾರದ್ದೂ ಇದೆ. ಹನ್ನೊಂದರೊಳಗಿನ ಮಕ್ಕಳ ಪಂದ್ಯಗಳ ಫಲಿತಾಂಶ ಬರೆದಿಡುವುದಿಲ್ಲ, ಅಂಕಪಟ್ಟಿ ಇರುವುದಿಲ್ಲ. ಆ ನಿಯಮ ಸರಿಯೇ. ಆದರೆ ಮಗು ಚೆಂಡನ್ನು ನೇರ ಎದುರಾಳಿಯ ಕಾಲಿಗೇ ಒಪ್ಪಿಸಿದಾಗಲೂ ಬದಿಯಲ್ಲಿ ನಿಂತ ಪೋಷಕರೆಲ್ಲ "ಅನ್‌ಲಕ್ಕಿ, ಅನ್‌ಲಕ್ಕಿ" ಎಂದು ಚಪ್ಪಾಳೆ ತಟ್ಟುತ್ತಾರೆ. ಅದು ದುರದೃಷ್ಟವಲ್ಲ, ನೋಡದೆ ಒದ್ದದ್ದು. ತಪ್ಪನ್ನು ತಪ್ಪೆಂದು ಹೇಳಿ, ಹೇಗೆ ನಿಲ್ಲಬೇಕಿತ್ತು ಎಂದು ತೋರಿಸುವ ನಮ್ಮ ಕಡೆಯ ಸಂಗೀತದ ಮೇಷ್ಟ್ರುಗಳ ನಿಷ್ಠುರತೆ ಇಂಥ ಶನಿವಾರಗಳಲ್ಲಿ ನನಗೆ ನೆನಪಾಗುತ್ತದೆ. ತಪ್ಪನ್ನು ಹೇಳುವುದೂ ಜಾಗ ಉಳಿಸುವುದೂ ಒಟ್ಟಿಗೆ ಸಾಧ್ಯವಿದ್ದರೆ ಅದು ನನಗೆ ಕಂಡಿರುವುದು ಮಗಳ ಈಗಿನ ಕೋಚ್ ಅಮ್ಮನಲ್ಲಿ. ನರ್ಸ್ ಕೆಲಸದ ರಾತ್ರಿ ಪಾಳಿ ಮುಗಿಸಿ ಬಂದು, ಸಂಬಳವಿಲ್ಲದೆ, ಕೆಸರಿನಲ್ಲಿ ಕೋನ್ ಇಡುವ ಆಕೆ ಮಗಳಿಗೆ ಹೇಳುವುದು ಒಂದೇ ಮಾತು: ಹೆಗಲ ಮೇಲಿಂದ ಹಿಂದೆ ನೋಡು, ಆಮೇಲೆ ಮತ್ತೆ ಅಲ್ಲೇ ನಿಲ್ಲು.

2022ರ ಜನವರಿಯಲ್ಲಿ ಏಷ್ಯಾ ಕಪ್ ಆಡಲು ಈ ಮಟಿಲ್ಡಾಸ್ ತಂಡ ಭಾರತಕ್ಕೂ ಹೋಗಿತ್ತು. ಮುಂಬೈಯಲ್ಲಿ ಇಂಡೋನೇಷ್ಯಾವನ್ನು 18-0ರಿಂದ ಸೋಲಿಸಿ, ಪುಣೆಯಲ್ಲಿ ದಕ್ಷಿಣ ಕೊರಿಯಾಕ್ಕೆ 0-1ರಿಂದ ಸೋತು ಮರಳಿತು. ಆತಿಥೇಯ ಭಾರತ ತಂಡ ಕೋವಿಡ್‌ನಿಂದಾಗಿ ಆಟಗಾರ್ತಿಯರ ಸಂಖ್ಯೆ ಸಾಲದೆ ನಡುವೆಯೇ ಹಿಂದೆ ಸರಿಯಬೇಕಾಗಿ ಬಂದದ್ದು ಆಗ ನಮ್ಮನ್ನು ಬಹಳ ನೋಯಿಸಿತ್ತು. ಅದೇ ಭಾರತ 2025ರ ಜುಲೈನಲ್ಲಿ ಥಾಯ್ಲೆಂಡ್‌ ತಂಡವನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿ, ಆಸ್ಟ್ರೇಲಿಯ ಆತಿಥ್ಯದ 2026ರ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು ಎಂದು ಫೋನಿನಲ್ಲಿ ಹೇಳಿದಾಗ ತಾಯಿಯವರು ಸಂತೋಷಪಟ್ಟರು. ಮೊಮ್ಮಗಳು ಮಾತ್ರ, ಕೊನೆಯವರೆಗೆ ಆ ಮುನ್ನಡೆಯನ್ನು ಕಾದವರು ಯಾರು ಎಂದು ನನ್ನನ್ನು ಕೇಳಿದಳು. ನಾನು ಹುಡುಕಿ ನೋಡಬೇಕಾಯಿತು.

ಈಗ ನಮ್ಮ ಮನೆಯ ಫ್ರಿಜ್ ಬಾಗಿಲಿಗೆ ಎರಡು ಕಾಗದಗಳು ಅಂಟಿಕೊಂಡಿವೆ. ಒಂದು, ರೆಪ್ ತಂಡದ ಆಯ್ಕೆ ಪರೀಕ್ಷೆಗೆ ಮಗಳನ್ನು ಕರೆದಿರುವ ಪತ್ರ. ಇನ್ನೊಂದು, ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸಿಕೊಳ್ಳುವ ಸೆಲೆಕ್ಟಿವ್ ಎಂಬ ಸರ್ಕಾರಿ ಶಾಲೆಯ, ಮುಂದಿನ ಮೇ ತಿಂಗಳ ಪ್ರವೇಶ ಪರೀಕ್ಷೆಗೆ ತಯಾರು ಮಾಡುವ ಕೋಚಿಂಗ್ ತರಗತಿಯ ವೇಳಾಪಟ್ಟಿ. ನಮ್ಮ ಬಡಾವಣೆಯ ಕನ್ನಡ, ತೆಲುಗು, ತಮಿಳು ಮಕ್ಕಳೆಲ್ಲ ಹೋಗುವಂಥದು. ಎರಡೂ ಶನಿವಾರ ಬೆಳಿಗ್ಗೆ. ಹೊರನಾಡಿಗೆ ಬಂದು ಹದಿನಾಲ್ಕು ವರ್ಷವಾದರೂ ನನ್ನ ಕೈ ಮೊದಲು ಹೋದದ್ದು ಎರಡನೆಯ ಕಾಗದದ ಕಡೆಗೇ, ಶುಲ್ಕದ ಅರ್ಧವನ್ನು ಕಟ್ಟಿಯೂ ಆಗಿದೆ. ಮೊದಲನೆಯದಕ್ಕೆ ಉತ್ತರ ಕೊಡಲು ಶುಕ್ರವಾರದವರೆಗೆ ಸಮಯವಿದೆ.