ರಸ್ತೆ ಹೋದ ಮೇಲೆ ಬನ್ನಿ

ನಮ್ಮೂರಿಗೆ ತಿರುಗುವ ಕ್ರಾಸಿನ ಹತ್ತಿರ, ಹಳ್ಳದ ನೀರನ್ನು ರಸ್ತೆಯಡಿಯಿಂದ ದಾಟಿಸುವ ಒಂದು ಪೈಪ್ ಮೋರಿ ಇದೆ. ಸಿರ್ಸಿ ಪೇಟೆಗೆ ದಿನಾ ಹೋಗಿಬರುವವರೂ ಅದನ್ನು ಕಂಡಿರಲಿಕ್ಕಿಲ್ಲ. ಎರಡಡಿ ಸಿಮೆಂಟ್ ಪೈಪು, ಎರಡೂ ಕಡೆ ಚಿರೇಕಲ್ಲಿನ ಮೋಟು ಗೋಡೆ, ಅಷ್ಟೇ. ಕಳೆದ ಮಳೆಗಾಲದಲ್ಲಿ ಅದರ ಬಾಯಿಗೆ ಒಂದು ಅಡಿಕೆ ಸೋಗೆ ಅಡ್ಡ ಬಂದು ಕೂತಿತು. ಸೋಗೆಗೆ ದರಕು, ಅಂದರೆ ಉದುರಿದ ಒಣ ಎಲೆ, ಸಿಕ್ಕಿತು, ದರಕಿಗೆ ಮಣ್ಣು ಮೆತ್ತಿತು. ಒಂದು ರಾತ್ರಿ ಹಳ್ಳದ ನೀರು ಮೋರಿ ಬಿಟ್ಟು ರಸ್ತೆ ಮೇಲೇ ಹರಿಯಿತು. ಬೆಳಗಾಗುವಷ್ಟರಲ್ಲಿ ಕೆಳಬದಿಯ ಮಣ್ಣೆಲ್ಲ ಕೊಚ್ಚಿಹೋಗಿ, ಡಾಂಬರು ಮಾತ್ರ ಹಪ್ಪಳದ ಹಾಗೆ ಗಾಳಿಯಲ್ಲಿ ಚಾಚಿಕೊಂಡಿತ್ತು. ಶಾಲೆ ಮಕ್ಕಳ ಟೆಂಪೋ ಹದಿನೆಂಟು ದಿನ ಈಚೆಗೆ ಬರಲಿಲ್ಲ.

ಬೇಜಾರು ಅದಕ್ಕಲ್ಲ. ಮಳೆಗೆ ಮೊದಲು, ಮೇ ತಿಂಗಳಲ್ಲೇ ನಾನು ರಸ್ತೆ ನೋಡಿಕೊಳ್ಳುವ ಕಚೇರಿಗೆ ಹೋಗಿ ಮೋರಿ ಬಿಡಿಸಿ ಅಂತ ಹೇಳಿಬಂದಿದ್ದೆ. ಅಲ್ಲಿದ್ದವರು ಪಾಪ ಒಳ್ಳೆಯವರೇ, ಕುರ್ಚಿ ಕೊಟ್ಟರು, ಚಹಾನೂ ತರಿಸಿದರು. "ನೋಡಿ ಹೆಗಡೇರೇ, ಹೊಸ ಕೆಲಸ ಆದ್ರೆ 5054ರಲ್ಲಿ ಹಾಕಿಸಬಹುದು. ನಿರ್ವಹಣೆ ಅಂದ್ರೆ 3054. ಅದರಲ್ಲಿ ಬಂದಿದ್ದು ದೊಡ್ಡ ರಸ್ತೆ ಹೊಂಡಕ್ಕೇ ಸಾಲೂದಿಲ್ಲ. ನಿಮ್ಮ ರಸ್ತೆ ಹೋದ ಮೇಲೆ ಬನ್ನಿ, ಮಳೆಹಾನಿಯಲ್ಲಿ ಸೇರಿಸುವಾ" ಅಂದರು. ತಮಾಷೆಗೆ ಹೇಳಿದ್ದಲ್ಲ, ನಿಜವಾದ ದಾರಿಯನ್ನೇ ತೋರಿಸಿದ್ದು.

ಈ ಎರಡು ನಂಬರ್ ಯಾಕೆ ಗೊತ್ತಿರಬೇಕು ಅಂದರೆ, ಬಜೆಟ್ ಪುಸ್ತಕದಲ್ಲಿ ರಸ್ತೆ-ಸೇತುವೆಯ ದುಡ್ಡು ಇದೇ ಎರಡು ಲೆಕ್ಕಶೀರ್ಷಿಕೆಯಲ್ಲಿ ಹರಿಯೋದು. 5054 ಬಂಡವಾಳ ವೆಚ್ಚ. ಅದಕ್ಕೆ ಗುದ್ದಲಿ ಪೂಜೆ ಇದೆ, ಹೆಸರು ಕೆತ್ತಿದ ಕಲ್ಲಿದೆ, ಪೇಪರಿನಲ್ಲಿ ಫೋಟೋ ಇದೆ. 3054 ದಿನನಿತ್ಯದ ಖರ್ಚು. ಮೋರಿ ಬಾಯಿ ಬಿಡಿಸಿದ್ದಕ್ಕೆ ಯಾರಾದರೂ ರಿಬ್ಬನ್ ಕತ್ತರಿಸಿದ್ದು ನೋಡಿದ್ದೀರಾ?

ನಾನು ಸಣ್ಣವನಿದ್ದಾಗ ಗ್ಯಾಂಗ್‌ಮನ್ ಅಂತ ಇರ್ತಿದ್ದರು. ಕಂಬಳಿ ಕೊಪ್ಪೆ, ಹೆಗಲ ಮೇಲೆ ಪಿಕಾಸಿ. ಮೃಗಶಿರ ಮಳೆ ಹಿಡಿಯುವುದರೊಳಗೆ ಗಟಾರ ಕೆರೆದು, ಮೋರಿ ಬಿಡಿಸಿ, ರಸ್ತೆಗೆ ಬಾಗಿದ ಮಟ್ಟಿ ಸವರಿ ಮುಗಿಸ್ತಿದ್ದರು. ಯಾವ ಧರೆ ಜರಿಯುತ್ತದೆ, ಯಾವ ಸಂಕದ ಕೆಳಗೆ ಕಸ ಕಟ್ಟುತ್ತದೆ ಅನ್ನೋದು ಅವರಿಗೆ ಬಾಯಿಪಾಠ. ಒಬ್ಬೊಬ್ಬರೇ ನಿವೃತ್ತರಾದರು. ನಮ್ಮ ಕಡೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಈಗ ಜೆಸಿಬಿ ಬರುತ್ತದೆ, ಅದೂ ಧರೆ ಕುಸಿದ ಮೇಲೆ.

ಮಳೆಹಾನಿಯ ದುಡ್ಡಾದರೂ ಎಷ್ಟು? ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರ 75, ರಾಜ್ಯ 25 ಪಾಲು ಹಾಕುತ್ತವೆ. ಅದು ಇರೋದು ತುರ್ತು ರಿಪೇರಿಗೆ. ಶಾಶ್ವತ ಕೆಲಸಕ್ಕೆ ಬೇರೆ ಹಣ ಹುಡುಕಬೇಕು. 2015ರ ನಿಯಮದಲ್ಲಿ ಹಳ್ಳಿ ರಸ್ತೆಗೆ ಕಿಲೋಮೀಟರಿಗೆ 60 ಸಾವಿರ ರೂಪಾಯಿ ಅಂತ ಇತ್ತು. ಘಟ್ಟದ ಮೇಲೆ ಆ ದುಡ್ಡಿಗೆ ನಾಲ್ಕು ಲೋಡ್ ಜಲ್ಲಿ ಹಾಕಿ ರೋಲರ್ ಬಾಡಿಗೆ ಕೊಟ್ಟರೆ ಕೈ ಖಾಲಿ. ಮುಂದಿನ ಆಷಾಢಕ್ಕೆ ಜಲ್ಲಿ ಯಾರದೋ ಗದ್ದೆಯಲ್ಲಿ.

ಸಣ್ಣ ಮೋರಿಯ ಕಥೆ ಇದು, ದೊಡ್ಡದಕ್ಕೆ ಹೀಗಿರಲಿಕ್ಕಿಲ್ಲ ಅಂದುಕೊಳ್ಳಬೇಡಿ. ಕಾರವಾರದ ಕೋಡಿಬಾಗ-ಸದಾಶಿವಗಡ ನಡುವಿನ ಹಳೇ ಕಾಳಿ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ನದಿಗೆ ಬಿತ್ತು. ಲಾರಿಯೂ ಬಿತ್ತು, ದೇವರ ದಯೆ, ಚಾಲಕ ಬದುಕಿದ. ಸೇತುವೆಗೆ ನಲವತ್ತು ವರ್ಷ ದಾಟಿತ್ತು. ಪಕ್ಕದಲ್ಲಿ ಹೊಸದು ಎದ್ದಿತ್ತು, ಹೊಸದರ ಮೇಲೆ ಎಲ್ಲರಿಗೂ ಕಣ್ಣಿತ್ತು. ಗೋವಾದಿಂದ ಬರುವ ಗಾಡಿಗಳು ಮಾತ್ರ ಹಳೆಯದರ ಮೇಲೇ ಓಡುತ್ತಿದ್ದವು. ಬಿದ್ದ ಮೇಲೆ ಉಳಿದ ಸೇತುವೆಗಳ ಗಟ್ಟಿತನದ ಬಗ್ಗೆ ಎಲ್ಲರಿಗೂ ಒಮ್ಮೆಲೇ ಚಿಂತೆ ಹುಟ್ಟಿತು.

ಎಲ್ಲದಕ್ಕೂ ಗಟಾರವೇ ಮದ್ದು ಅಂತ ನಾನು ಹೇಳ್ತಿಲ್ಲ. ಅದೇ ವರ್ಷ ಜುಲೈ 16ಕ್ಕೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯನ್ನೂ ಚಹಾದಂಗಡಿಯನ್ನೂ ಗಂಗಾವಳಿಗೆ ತಳ್ಳಿತಲ್ಲ, ಅದು ಪಿಕಾಸಿಯ ಕೆಲಸವಲ್ಲ. ಅಲ್ಲಿ ಗುಡ್ಡ ಕಡಿದ ರೀತಿಯನ್ನೇ ಕೇಳಬೇಕು. 2021ರಲ್ಲಿ ಯಲ್ಲಾಪುರದ ಗುಳ್ಳಾಪುರ ಸೇತುವೆಯನ್ನು ನೆರೆ ಒಯ್ದಾಗಲೂ ಹಾಗೇ, ಆ ನೀರಿನೆದುರು ಯಾವ ಗ್ಯಾಂಗ್‌ಮನ್ ನಿಲ್ಲುತ್ತಿದ್ದ? ಆದರೆ ದೊಡ್ಡ ಅನಾಹುತ ತೋರಿಸಿ ಸಣ್ಣ ಕೆಲಸ ತಪ್ಪಿಸಿಕೊಳ್ಳೋದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ಏನು ಕೇಳಿದರೂ "ಪ್ರಕೃತಿ ವಿಕೋಪ".

ದುಡ್ಡೇ ಇಲ್ಲ ಅನ್ನೋದನ್ನೂ ನಾನು ಪೂರ್ತಿ ಒಪ್ಪೋದಿಲ್ಲ ಮಾರಾಯ್ರೆ. ಗಾಡಿ ತಗೊಳ್ಳುವಾಗಲೇ ತೆರಿಗೆ ಕಟ್ಟಿದ್ದೇವೆ. ಪೆಟ್ರೋಲ್ ಹಾಕಿಸಿದಾಗೆಲ್ಲ ರಸ್ತೆ ಮತ್ತು ಮೂಲಸೌಕರ್ಯದ ಸೆಸ್ ಹೋಗುತ್ತದೆ. ಸೆಸ್ ಆದ್ದರಿಂದ ಅದು ರಾಜ್ಯಗಳಿಗೆ ಹಂಚುವ ತೆರಿಗೆಯ ರಾಶಿಗೆ ಸೇರುವುದಿಲ್ಲ, ದಿಲ್ಲಿ ಅದನ್ನು ಬೇರೆ ನಿಧಿಯಿಂದ ತನ್ನ ಲೆಕ್ಕದಲ್ಲಿ ಕೊಡುತ್ತದೆ. ಕುಮಟೆಗೆ ಹೋಗಿಬರಲು ನಾನು ಹಾಕಿಸಿದ ಪೆಟ್ರೋಲಿನ ಸೆಸ್ ನಮ್ಮ ಮೋರಿಯವರೆಗೆ ಬರಬೇಕಾದರೆ ಎಷ್ಟು ಘಟ್ಟ ಹತ್ತಬೇಕೋ! ಅತ್ತ ಬೆಂಗಳೂರು ದಿಲ್ಲಿಯನ್ನು ಬೈಯುತ್ತದೆ, ದಿಲ್ಲಿ ಬೆಂಗಳೂರನ್ನು. ಪಂಚಾಯ್ತಿಯವರು ಇಬ್ಬರ ಕಡೆಗೂ ಬೆರಳು ತೋರಿಸಿ ಸುಮ್ಮನಾಗುತ್ತಾರೆ.

ನಾನು ಕೇಳೋದು ಇಷ್ಟೇ: ಮಳೆಹಾನಿ ಪಟ್ಟಿ ಆಗಸ್ಟಿನಲ್ಲಿ ಮಾಡುವ ಹಾಗೆಯೇ ಏಪ್ರಿಲಿನಲ್ಲಿ ಮೋರಿ-ಗಟಾರದ ಪಟ್ಟಿ ಮಾಡಿ. ಅದಕ್ಕೆ ಪ್ರತ್ಯೇಕ ಹಣ ಇಡಿ, ಅದನ್ನು ಬೇರೆ ಕೆಲಸಕ್ಕೆ ತಿರುಗಿಸಬೇಡಿ. ಹೋಬಳಿಗೆ ನಾಲ್ಕು ಜನರನ್ನಾದರೂ ಕೊಡಿ, ಪಿಕಾಸಿ ಬೇಕಿದ್ದರೆ ನಾವೇ ಕೊಡ್ತೇವೆ.

ಹೋದ ಭಾನುವಾರ ನಾನು, ಪಕ್ಕದ ಮನೆ ತಮ್ಮ ಇಬ್ಬರೂ ಕ್ರಾಸಿನಿಂದ ಶಾಲೆಯವರೆಗೆ ನಡೆದು ಲೆಕ್ಕ ಹಾಕಿದೆವು. ಒಟ್ಟು ಹನ್ನೊಂದು ಮೋರಿ. ನಾಲ್ಕರ ಬಾಯಿ ಮುಚ್ಚಿದೆ, ಒಂದು ಎಲ್ಲಿತ್ತು ಅಂತಲೇ ಹತ್ತು ನಿಮಿಷ ಹುಡುಕಿದೆವು. ಪಟ್ಟಿಯನ್ನು ಮುಂದಿನ ಗ್ರಾಮಸಭೆಗೆ ಕೊಡ್ತಾ ಇದ್ದೇವೆ. ನಿಮ್ಮೂರಿನದನ್ನೂ ಎಣಿಸಿದ್ದರೆ ಕೆಳಗೆ ಬರೆಯಿರಿ.